ಗಾಡಿಯ ಎತ್ತರಕ್ಕೂ ಒಂದು ಲೆಕ್ಕವುಂಟು

ಎತ್ತಿನ ಗಾಡಿಗೆ ಹೇರು ಹೇರುವವರು ಒಂದು ಸಂಗತಿಯನ್ನು ಎಂದೂ ಮರೆಯುವುದಿಲ್ಲ. ಭಾರ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಕೊರಳಿಗೆ ಕಟ್ಟಿದ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಅಚ್ಚು, ಮೂಕಿ, ನೊಗ ಈ ಮೂರರ ಮಟ್ಟ ಒಂದಕ್ಕೊಂದು ಹೊಂದಿರಬೇಕು. ಒಂದನ್ನು ಏರಿಸಿದರೆ ಉಳಿದೆರಡನ್ನೂ ತಿದ್ದಲೇಬೇಕು. ಇಂದು ಜೀಪಿನ ಮೈಯನ್ನು ನಾಲ್ಕು ಇಂಚು ಮೇಲೆತ್ತಿಸಿಕೊಳ್ಳುವ ತರುಣರು ಕಲಿಯಬೇಕಾದ ಪಾಠವೂ ಇದೇ.

ಚಿತ್ರದುರ್ಗ ಸೀಮೆಯಲ್ಲಿ ಎತ್ತರದ ಗಾಡಿಗೆ ಕಾರಣವಿತ್ತು. ಹಿರಿಯೂರು ಕಡೆಯ ಎರೆಭೂಮಿ ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಬಿಡುವುದಿಲ್ಲ. ಹೊಸದುರ್ಗ, ಹೊಳಲ್ಕೆರೆಯ ಗುಡ್ಡದ ದಾರಿಗಳಲ್ಲಿ ಕಲ್ಲು, ಕೊರಕಲು. ದುರ್ಗದ ಸುತ್ತಲಂತೂ ಬಂಡೆಗಳದೇ ರಾಜ್ಯ. ಎದೆಮಟ್ಟದ ಮರದ ಗಾಲಿ ಇದ್ದರೆ ಅಚ್ಚು ಕೆಸರಿಗೂ ಕಲ್ಲಿಗೂ ತಾಕದೆ ಸಾಗುತ್ತಿತ್ತು. ರಬ್ಬರ್ ಟೈರಿನ ಡನ್‌ಲಪ್ ಗಾಡಿ ಬಂದಾಗ ಗಾಲಿ ಗಿಡ್ಡವಾಯಿತು. ಆದರೆ ಎತ್ತಿನ ಹೆಗಲು ಇದ್ದಲ್ಲೇ ಇರುತ್ತದೆಯಲ್ಲ! ಮೂಕಿಯ ಓರೆಯನ್ನೇ ತಿದ್ದಬೇಕಾಯಿತು. ಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದ ಪ್ರೊ. ಎನ್.ಎಸ್. ರಾಮಸ್ವಾಮಿ ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕರಾಗಿದ್ದವರು. ಎತ್ತಿನ ಕತ್ತಿನ ಮೇಲೆ ಬೀಳುವ ಭಾರವನ್ನು ಅಂಥ ಸಂಸ್ಥೆಯವರೊಬ್ಬರು ಗಂಭೀರವಾಗಿ ಅಳೆದದ್ದು ಸಣ್ಣ ಮಾತಲ್ಲ.

ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ತೇರಿಗೂ ಇಲ್ಲ. ಅಂಥ ತೇರುಗಳನ್ನು ತಿರುಗಿಸುವುದು ಗಾಲಿಯಡಿ ಕೊಡುವ ಮರದ ಬೆಣೆಯಿಂದ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದ ಸ್ಪ್ರಿಂಗ್‌ಗೆ ಇಂಗ್ಲೆಂಡಿನ ಒಬಾಡಯಾ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದ. ಸಾರೋಟು, ಜಟಕಾಗಳ ಮೂಲಕ ಅದು ನಮ್ಮ ಪೇಟೆಗಳಿಗೂ ಬಂತು. 1941ರಲ್ಲಿ ಅಮೆರಿಕದ ಸೇನೆಗೆಂದು ತಯಾರಾದ ವಿಲ್ಲಿಸ್ ಜೀಪಿನ ನಾಲ್ಕು ಗಾಲಿಗಳೂ ಇದೇ ಬಗೆಯ ಸ್ಪ್ರಿಂಗ್ ಮೇಲೆ ನಿಂತವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಅದನ್ನು ಭಾರತದಲ್ಲಿ ಜೋಡಿಸತೊಡಗಿತು. ಮುಂದೆ ಸರ್ಕಾರಿ ಕಚೇರಿಗಳಿಗೆ, ತೋಟದ ಮಾಲೀಕರಿಗೆ ಜೀಪೆಂದರೆ ಅದೇ.

ಈ ಜೀಪಿನಲ್ಲಿ ಸ್ಪ್ರಿಂಗ್ ಇರುವುದು ಅಚ್ಚಿನ ಕೆಳಗೆ. ಅದನ್ನು ಅಚ್ಚಿನ ಮೇಲೆ ಕೂರಿಸಿದರೆ ಮೈ ನಾಲ್ಕೈದು ಇಂಚು ಏರುತ್ತದೆ. ಸ್ಪ್ರಿಂಗಿನ ತುದಿ ಹಿಡಿಯುವ ಶ್ಯಾಕಲ್ ಉದ್ದ ಮಾಡುವುದು ಇನ್ನೊಂದು ಉಪಾಯ. ಎರಡು ಇಂಚು ಉದ್ದ ಮಾಡಿದರೆ ಸಿಗುವ ಎತ್ತರ ಸುಮಾರು ಒಂದೇ ಇಂಚು. ಹೀಗೆ ಮೈ ಎತ್ತಿದರೂ ನಡುವಿನ ಡಿಫರೆನ್ಷಿಯಲ್ ಉಂಡೆ ನೆಲದಿಂದ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದು ಏಳಬೇಕಾದರೆ ಟೈರೇ ದೊಡ್ಡದಾಗಬೇಕು. ಹಳ್ಳಿಯ ಬಡಗಿಗೆ ಎದೆಮಟ್ಟದ ಗಾಲಿ ಬೇಕಾಗಿದ್ದುದೂ ಇದಕ್ಕೇ.

ಮೈ ಏರಿದ ಮೇಲೆ ನಿಜವಾದ ಕೆಲಸ ಶುರು. ಜೀಪಿನ ಮುಂದಿನ ಶ್ಯಾಕಲ್ ಉದ್ದವಾದರೆ ಅಚ್ಚು ಮುಂದಕ್ಕೆ ಹೊರಳುತ್ತದೆ. ಗಾಲಿ ತಿರುಗುವ ಗೂಟಕ್ಕೆ ಹಿಂದಕ್ಕೆ ವಾಲಿದ ಸಣ್ಣ ಓರೆಯೊಂದು ಇರುತ್ತದೆ. ತಿರುವು ಮುಗಿದೊಡನೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಅದರಿಂದ. ಆ ಓರೆ ಕಡಿಮೆಯಾದರೆ ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಪರಿಹಾರ, ಸ್ಪ್ರಿಂಗ್ ಮತ್ತು ಅಚ್ಚಿನ ನಡುವೆ ಸೇರಿಸುವ ಉಕ್ಕಿನ ಬೆಣೆ. ತೇರಿನ ಬೆಣೆ ಇಲ್ಲಿಗೂ ಬಂತು ನೋಡಿ! ಸ್ಟೀರಿಂಗಿನ ಸರಳು ಕಡಿದಾಗಿ ಇಳಿದರೆ ಪ್ರತಿ ಗುಂಡಿಗೂ ಚಕ್ರ ಪಕ್ಕಕ್ಕೆ ಎಳೆಯುತ್ತದೆ, ಅದಕ್ಕೆ ಕೆಳಕ್ಕೆ ಬಾಗಿದ ತೋಳು ಹಾಕಬೇಕು. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿದರೆ ಗಾಡಿ ನಡುಗಿ, ಜಾಯಿಂಟುಗಳು ಬೇಗ ಸವೆಯುತ್ತವೆ. ಶಾಕ್ ಅಬ್ಸಾರ್ಬರ್ ಉದ್ದ ಸಾಲದಿದ್ದರೆ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಅದು ತಡೆಯುತ್ತದೆ.

ಎಲ್ಲಕ್ಕಿಂತ ಅಪಾಯ ಬ್ರೇಕಿನ ರಬ್ಬರ್ ಪೈಪಿನದು. ಗ್ಯಾರೇಜಿನ ಸಮತಟ್ಟು ನೆಲದಲ್ಲಿ ಅದು ಸಾಕಷ್ಟು ಉದ್ದವಾಗಿಯೇ ಕಾಣುತ್ತದೆ. ಕೊರಕಲಿನಲ್ಲಿ ಒಂದು ಚಕ್ರ ಪೂರ್ತಿ ಜೋತಾಗ ಎಳೆದು ಹರಿದರೆ, ಬ್ರೇಕ್ ಕೈಕೊಡುವುದು ಗುಡ್ಡದ ಇಳಿಜಾರಿನಲ್ಲಿ. ಮೈಯನ್ನು ಎತ್ತಿ ಚಕ್ರಗಳನ್ನು ಜೋತುಬಿಟ್ಟು ನೋಡದ ಕೆಲಸಕ್ಕೆ ಹಣ ಕೊಡಬಾರದು. ರಬ್ಬರ್ ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಮಾತ್ರ ಗಾಡಿ ತನ್ನ ಭಾರದಲ್ಲೇ ನೆಲದ ಮೇಲೆ ನಿಂತಾಗ ಆಗಬೇಕು. ಇಲ್ಲದಿದ್ದರೆ ಬುಷ್ ತಿರುಚಿಕೊಂಡು ಬೇಗ ಹಾಳಾಗುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಕಾನೂನಿನ ಮಾತೂ ಉಂಟು. ನೋಂದಣಿಯ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಸುಪ್ರೀಂ ಕೋರ್ಟ್ ಜನವರಿ 2019ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿಯಿತು. ಮೈ ಏರಿದಷ್ಟೂ ಗಾಡಿಯ ಭಾರಕೇಂದ್ರ ಏರುತ್ತದೆ, ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ಗುಡ್ಡದಲ್ಲಿ ನಿಧಾನವಾಗಿ ಹೋಗುವವರಿಗೆ ಅದು ತಿಳಿಯದೆ ಇರಬಹುದು. ಆದರೆ ಅದೇ ಜೀಪು ಸಂಜೆಗೆ ಹಿರಿಯೂರು-ಚಿತ್ರದುರ್ಗದ ಹೆದ್ದಾರಿಗೆ ಇಳಿಯುತ್ತದೆ. ಹೆಡ್‌ಲೈಟನ್ನೂ ಕೆಳಕ್ಕೆ ತಿರುಗಿಸಿಕೊಳ್ಳದಿದ್ದರೆ, ಎದುರಿನ ಲಾರಿಯವನ ಕಣ್ಣಿಗೆ ಬೀಳುವುದು ಅದರ ಬೆಳಕೇ.