ಫಾರ್ಮ್ 11-ಕೆ
ಅಮೆರಿಕದಲ್ಲಿ ನೌಕರರ ಉಳಿತಾಯ ಯೋಜನೆಗಳು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್‌ಗೆ ಸಲ್ಲಿಸುವ ವಾರ್ಷಿಕ ವರದಿ. ಎಲ್ಲ ಯೋಜನೆಗಳಿಗೂ ಇದು ಬೇಕಿಲ್ಲ. ನೌಕರರು ತಮ್ಮ ಉಳಿತಾಯವನ್ನು ಸ್ವಂತ ಕಂಪನಿಯ ಷೇರಿನಲ್ಲೇ ತೊಡಗಿಸಬಹುದಾದ, 1933ರ ಸೆಕ್ಯುರಿಟೀಸ್ ಕಾಯ್ದೆಯಡಿ ನೋಂದಣಿಯಾದ ಯೋಜನೆಗಳಿಗೆ ಮಾತ್ರ. ಗಂಟೆ ಲೆಕ್ಕದ ಕೂಲಿಯವರಿಗೂ ಸಂಬಳದವರಿಗೂ ಬೇರೆ ಬೇರೆ 401(ಕೆ) ನಿವೃತ್ತಿ ಉಳಿತಾಯ ಯೋಜನೆಗಳಿದ್ದರೆ ವರದಿಯೂ ಬೇರೆ ಬೇರೆ; ಜನರಲ್ ಮೋಟಾರ್ಸ್ ಹೀಗೆ ಸಲ್ಲಿಸುತ್ತಿತ್ತು.

ಇದರಲ್ಲಿ ಲಾಭ-ನಷ್ಟದ ಪಟ್ಟಿ ಇರುವುದಿಲ್ಲ. ಸದಸ್ಯರಿಗೆ ಸಲ್ಲಬೇಕಾದ ನಿವ್ವಳ ಆಸ್ತಿ ಎಷ್ಟು, ವರ್ಷದಲ್ಲಿ ಅದು ಹೇಗೆ ಏರಿತು ಇಳಿಯಿತು ಎಂಬುದೇ ತಿರುಳು. ಹೂಡಿಕೆಗಳಿಗೆ ಸಾಮಾನ್ಯವಾಗಿ ವರ್ಷಾಂತ್ಯದ ದಿನದ ನ್ಯಾಯಯುತ ಬೆಲೆ ಕಟ್ಟುತ್ತಾರೆ. ಕಾರ್ಮಿಕ ತನ್ನ ಖಾತೆಯಿಂದಲೇ ಎತ್ತಿದ ಸಾಲವನ್ನು ಮಾತ್ರ ಬಾಕಿ ಅಸಲು, ಕೂಡಿದ ಬಡ್ಡಿ ಸೇರಿಸಿ ಸದಸ್ಯರಿಂದ ಬರಬೇಕಾದ ಹಣವೆಂದು ತೋರಿಸುತ್ತಾರೆ. ನಿಗದಿತ ಸೇವಾವಧಿ ಮುಗಿಸದೆ ಕೆಲಸ ಬಿಟ್ಟವರ ಪಾಲಿನ ಮಾಲೀಕರ ವಂತಿಗೆ ಯೋಜನೆಯಲ್ಲೇ ಉಳಿಯುತ್ತದೆ. ಅದು ಎಲ್ಲಿಗೆ ಹೋಯಿತೆಂದು ಟಿಪ್ಪಣಿ ಹೇಳಬೇಕು. ಓದುಗರು ಹೆಚ್ಚಾಗಿ ಹಾರಿಸಿಬಿಡುವ ಅನುಬಂಧಗಳೂ ಮುಖ್ಯವೇ: ಕೂಲಿಯಿಂದ ಮುರಿದುಕೊಂಡ ಹಣವನ್ನು ಕಂಪನಿ ತಡವಾಗಿ ಕಟ್ಟಿದ್ದರೆ ಅದು ಅಲ್ಲಿ ಬಯಲಾಗುತ್ತದೆ.

ನೌಕರರ ನಿವೃತ್ತಿ ಯೋಜನೆಗಳನ್ನು ನಿಯಂತ್ರಿಸುವ 1974ರ ಎರಿಸಾ ಕಾಯ್ದೆಗೆ ಒಳಪಟ್ಟ ಯೋಜನೆಗಳಿಗೆ ವರ್ಷಾಂತ್ಯದಿಂದ 180 ದಿನಗಳ ಗಡುವಿದೆ, ಉಳಿದವಕ್ಕೆ 90. ಕಾರ್ಮಿಕ ಇಲಾಖೆಗಾಗಿ ತುಂಬುವ ಫಾರ್ಮ್ 5500 ಬೇರೆಯೇ. ಸ್ವಂತ ಕಂಪನಿಯ ಷೇರಿನಲ್ಲೇ ಉಳಿತಾಯ ಗುಡ್ಡೆ ಬೀಳುವ ಅಪಾಯ 2001ರಲ್ಲಿ ಇಂಧನ ಕಂಪನಿ ಎನ್ರಾನ್ ಕುಸಿದಾಗ ಎದ್ದು ಕಂಡಿತು. ಅಲ್ಲಿನ ನೌಕರರ 401(ಕೆ) ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಎನ್ರಾನ್ ಷೇರಿನಲ್ಲೇ ಇತ್ತು.