ಮಿದುಳು ಗಡ್ಡೆಗೆ ಅಲ್ಟ್ರಾಸೌಂಡ್ ಚಿಕಿತ್ಸೆ: ಚರಿತ್ರೆ ಮತ್ತು ಸುರಕ್ಷತೆ

ಕಿವಿಗೆ ಕೇಳಿಸದ ಧ್ವನಿಯಲೆಗಳನ್ನು ಮಿದುಳಿನ ಒಂದೇ ಬಿಂದುವಿಗೆ ಕೂಡಿಸಿ ಗಡ್ಡೆಯನ್ನು ಸುಡುವ, ಇಲ್ಲವೆ ಗಡ್ಡೆಯೊಳಗೆ ಔಷಧ ಇಳಿಯುವಂತೆ ಮಾಡುವ ಚಿಕಿತ್ಸೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜನರಿಗೆ ಅಲ್ಟ್ರಾಸೌಂಡ್ ಎಂದರೆ ಬಸುರಿಯರ ‘ಸ್ಕ್ಯಾನಿಂಗ್’. ಆ ಯಂತ್ರ ಒಳಗಿನದನ್ನು ತೋರಿಸುತ್ತದೆ, ಅಷ್ಟೆ. ಅದರಿಂದ ಗಡ್ಡೆ ಕರಗದು.

1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಮತ್ತು ಫ್ರಾನ್ಸಿಸ್ ಫ್ರೈ ಸಹೋದರರು ಧ್ವನಿಯಿಂದ ಮಿದುಳಿನ ಆಳದ ಚುಕ್ಕೆಯಷ್ಟು ಜಾಗವನ್ನು ಸುಟ್ಟು ತೋರಿಸಿದರು. ಆದರೆ ಮೊದಲು ತಲೆಬುರುಡೆಯ ತುಂಡೊಂದನ್ನು ತೆಗೆಯಬೇಕಿತ್ತು. ಮೂಳೆ ಧ್ವನಿಯನ್ನು ಹೀರುತ್ತದೆ, ಚದುರಿಸುತ್ತದೆ, ತಾನೇ ಕಾಯುತ್ತದೆ. ಈ ತೊಡಕು ಬಿಡಿಸಲು ದಶಕಗಳೇ ಹಿಡಿದವು. ನೂರಾರು ಧ್ವನಿಮೂಲಗಳ ಟೋಪಿ, ನೆತ್ತಿಯ ಸುತ್ತ ಹರಿಯುವ ತಣ್ಣೀರು, ಮೂಳೆಯ ದಪ್ಪ ತಿಳಿಸುವ ಸಿಟಿ ಚಿತ್ರ, ಒಳಗಿನ ಶಾಖ ಅಳೆಯುವ ಎಂ.ಆರ್.ಐ., ಇವೆಲ್ಲ ಕೂಡಿದ ಮೇಲೆ ಬುರುಡೆ ತೆರೆಯದೆಯೇ ಕೆಲಸ ಸಾಧ್ಯವಾಯಿತು. ಹಾಗಿದ್ದೂ 2010ರಲ್ಲಿ ವರದಿಯಾದ ಮೊದಲ ಮೂವರು ರೋಗಿಗಳಲ್ಲಿ ಗಡ್ಡೆ ಬಿಸಿಯಾಯಿತೇ ಹೊರತು ಸುಡುವಷ್ಟು ಕಾಯಲಿಲ್ಲ.

ಹೆಚ್ಚು ಫಲ ಕೊಟ್ಟದ್ದು ಇನ್ನೊಂದು ದಾರಿ. ರಕ್ತದಲ್ಲಿನ ಬಹುಪಾಲು ಔಷಧಗಳನ್ನು ಮಿದುಳು ಒಳಗೆ ಬಿಟ್ಟುಕೊಳ್ಳದು. ರಕ್ತಕ್ಕೆ ಸೂಕ್ಷ್ಮ ಗುಳ್ಳೆಗಳನ್ನು ಸೇರಿಸಿ ಮೆಲುವಾದ ಧ್ವನಿ ಹಾಯಿಸಿದರೆ ಗುಳ್ಳೆಗಳು ಹಿಗ್ಗಿ ಕುಗ್ಗಿ ಆ ತಡೆಯನ್ನು ಕೆಲಹೊತ್ತು ಸಡಿಲಿಸುತ್ತವೆ. ಕುಲ್ಲೆರ್ವೊ ಹಿನಿನೆನ್ ತಂಡ 2001ರಲ್ಲಿ ಇದನ್ನು ಮೊಲಗಳಲ್ಲಿ ತೋರಿಸಿತು. 2015ರಲ್ಲಿ ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆ ಬುರುಡೆ ತೆರೆಯದೆ ಗಡ್ಡೆ ರೋಗಿಯೊಬ್ಬರಲ್ಲಿ ಮಾಡಿತು. ಪ್ಯಾರಿಸ್ಸಿನ ಅಲೆಕ್ಸಾಂಡರ್ ಕಾರ್ಪೆಂಟಿಯೆ ಧ್ವನಿಯಂತ್ರವನ್ನೇ ಬುರುಡೆಯಲ್ಲಿ ಕೂರಿಸಿದರು. ಅಂಥದೇ ಯಂತ್ರ ಬಳಸಿದ 17 ರೋಗಿಗಳ ವರದಿ 2023ರಲ್ಲಿ ಬಂತು. ತೆರೆದ ತಡೆ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಮತ್ತೆ ಮುಚ್ಚಿಕೊಂಡಿತ್ತು.

ಅಪಾಯವೂ ಕಂಡದ್ದೇ. 2005ರಲ್ಲಿ ವರದಿಯಾದ ಪಾರ್ಶ್ವವಾಯು ರೋಗಿಗಳ ಜರ್ಮನ್ ಪ್ರಯೋಗವೊಂದರಲ್ಲಿ ಹೆಪ್ಪು ಕರಗಿಸುವ ಔಷಧದ ಜೊತೆ ಧ್ವನಿಯನ್ನೂ ಪಡೆದ 14 ಮಂದಿಯಲ್ಲಿ 13 ಮಂದಿಯ ಮಿದುಳಲ್ಲಿ ರಕ್ತಸ್ರಾವದ ಗುರುತು ಕಂಡು, ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಕಂಪನಾಂಕ, ಒತ್ತಡ, ಹೊತ್ತುಗಳನ್ನು ಇಂದು ಇಷ್ಟು ಬಿಗಿಯಾಗಿ ಅಳೆಯುವುದಕ್ಕೆ ಇಂಥ ಪಾಠಗಳೇ ಕಾರಣ.

ಕರ್ನಾಟಕದ ದೊಡ್ಡ ಆಸ್ಪತ್ರೆಗಳಲ್ಲಿ ಗಡ್ಡೆಯ ಮೇಲೆ ನಿತ್ಯ ಬಳಕೆಯಾಗುವ ಅಲ್ಟ್ರಾಸೌಂಡ್ ಬೇರೆಯದು: ಬುರುಡೆ ತೆರೆದ ಮೇಲೆ ಗಡ್ಡೆಯನ್ನು ಕಂಪನದಿಂದ ಒಡೆದು ಹೀರುವ ಉಪಕರಣ. ಹೊರಗಿನಿಂದ ಧ್ವನಿ ಹಾಯಿಸುವ ಗಡ್ಡೆ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಬಿಡದ ತಲೆನೋವು, ಬೆಳಗಿನ ವಾಂತಿ, ಹೊಸದಾಗಿ ಬಂದ ಫಿಟ್ಸ್ ಇದ್ದವರು ಹೊಟ್ಟೆ ನೋಡುವ ಸ್ಕ್ಯಾನಿಂಗ್ ಸೆಂಟರಿಗಲ್ಲ, ರಾಯಚೂರಿನ ರಿಮ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ತಡಮಾಡದೆ ಹೋಗಿ ತಲೆಯ ಸಿಟಿ ಇಲ್ಲವೆ ಎಂ.ಆರ್.ಐ. ಮಾಡಿಸಬೇಕು.