ನಲವತ್ತು ಮತ್ತು ನೂರು: ಇನ್ಸುಲಿನ್ ಸಿರಿಂಜಿನ ಗೆರೆಗಳು

ರಬಕವಿ-ಬನಹಟ್ಟಿಯ ನೇಕಾರರಿಗೆ ನೂಲಿನ ನಂಬರ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ನಲವತ್ತರ ನೂಲಿಗಿಂತ ನೂರರ ನೂಲು ಸಣ್ಣದು. ನಂಬರ್ ಏರಿದಷ್ಟೂ ಎಳೆ ತೆಳು. ಇನ್ಸುಲಿನ್ ಬಾಟ್ಲಿಯ ಮೇಲೂ ಇವೇ ಎರಡು ಅಂಕಿಗಳು ಕಾಣುತ್ತವೆ, ಆದರೆ ಲೆಕ್ಕ ತಿರುವುಮುರುವು. 40 ಎಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್. 100 ಎಂದರೆ ಅಷ್ಟೇ ದ್ರವದಲ್ಲಿ 100. ಇಲ್ಲಿ ನಂಬರ್ ಏರಿದಷ್ಟೂ ಔಷಧ ಗಟ್ಟಿ. ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಸೀಮೆಯಲ್ಲಿ 'ಸಕ್ರಿ ಬ್ಯಾನಿ'ಗೆ, ಅಂದರೆ ಮಧುಮೇಹಕ್ಕೆ, ಸೂಜಿ ಚುಚ್ಚಿಕೊಳ್ಳುವುದು ಮನೆಯೊಳಗೆ ನಡೆಯುವ ಕೆಲಸ. ಸಿರಿಂಜ್ ಎಳೆಯುವವರು ರೋಗಿಯೋ ಸೊಸೆಯೋ ಮೊಮ್ಮಗನೋ ಆಗಿರುತ್ತಾರೆ. ಆದ್ದರಿಂದ ಇನ್ಸುಲಿನ್ನಿನ ಇತಿಹಾಸವನ್ನು ಸಿರಿಂಜಿನ ಗೆರೆಗಳ ಕಡೆಯಿಂದಲೂ ಓದಬೇಕು ಎಂಬುದು ಈ ಲೇಖನದ ನಿಲುವು.

ಟೊರಾಂಟೊದಲ್ಲಿ 1921ರಲ್ಲಿ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ನಡೆಸಿದ ಇನ್ಸುಲಿನ್ ಪ್ರಯೋಗ ಪ್ರಸಿದ್ಧ. 1922ರ ಜನವರಿ 11ರಂದು 14 ವರ್ಷದ ಮಧುಮೇಹಿ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಹೆಚ್ಚೇನೂ ಫಲಿಸಲಿಲ್ಲ. ಅದೇ ತಂಡದ ಕಾಲಿಪ್ ಶುದ್ಧೀಕರಿಸಿದ ಇನ್ಸುಲಿನ್ ಸಾರ ಜನವರಿ 23ರಿಂದ ಕೆಲಸ ಮಾಡಿತು. ಅದನ್ನು ಅಳೆಯುವುದು ಹೇಗೆ? ಆಗ ಸಿಕ್ಕ ತಕ್ಕಡಿ ಮೊಲ. ಉಪವಾಸವಿಟ್ಟ ಮೊಲದ ರಕ್ತದ ಸಕ್ಕರೆಯನ್ನು ಸೆಳವು ಬರುವ ಮಟ್ಟಕ್ಕೆ ಇಳಿಸುವ ಪ್ರಮಾಣವೇ ಮೊದಲ ಯೂನಿಟ್ಟಿಗೆ ಆಧಾರವಾಯಿತು. ಇಂದು ಬನಹಟ್ಟಿಯ ಅಜ್ಜಿಯೊಬ್ಬರು ಎಣಿಸುವ ಗೆರೆಯ ಬೇರು ಅಲ್ಲಿದೆ.

ಮುಂದೆ 20, 40, 80 ಎಂದು ಬೇರೆಬೇರೆ ಸಾಂದ್ರತೆಗಳು ಬಂದವು, ಗೊಂದಲವೂ ಬೆಳೆಯಿತು. ಅಮೆರಿಕ 1970ರ ದಶಕದಲ್ಲಿ, ಬ್ರಿಟನ್ 1983ರಲ್ಲಿ 100ಕ್ಕೆ ಹೊರಳಿದವು. ಭಾರತದಲ್ಲಿ ಬಾಟ್ಲಿಗೆ ಬಹುಮಟ್ಟಿಗೆ 40 ಉಳಿಯಿತು. ಇನ್ಸುಲಿನ್ ಪೆನ್ನುಗಳ ಜೊತೆ 100 ಬಂತು. ಎರಡೂ ಒಂದೇ ಅಂಗಡಿಯ ಫ್ರಿಜ್ಜಿನಲ್ಲಿ ಅಕ್ಕಪಕ್ಕ ಕೂತವು.

ಕೈಯಲ್ಲಿ ಹಿಡಿದು ನೋಡೋಣ. ಮಿಶ್ರ ಇನ್ಸುಲಿನ್ನಿನ ಬಾಟ್ಲಿಯಲ್ಲಿ ಮೇಲೆ ತಿಳಿನೀರು, ತಳದಲ್ಲಿ ಬಿಳಿ ಗಸಿ. ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದರೆ ಪೂರಾ ಹಾಲಿನಂತಾಗುತ್ತದೆ. ಆಮೇಲೆ, 20 ಯೂನಿಟ್ ಬೇಕಾದವರು 20ರ ಗೆರೆಯವರೆಗೆ ಎಳೆಯಬೇಕು. 40ರ ಔಷಧಕ್ಕೆಂದೇ ಇರುವ 40ರ ಸಿರಿಂಜಿನಲ್ಲಿ ಆ ಗೆರೆ ಅರ್ಧ ಮಿಲಿಲೀಟರ್. ಒಳಗಿರುವುದು 100ರ ಔಷಧವಾದರೆ ಮೈಗೆ ಹೋಗುವುದು 50 ಯೂನಿಟ್, ಎರಡೂವರೆ ಪಟ್ಟು. ಬೆವರು, ನಡುಕ, ಮಂಪರು, ಕೆಲವೊಮ್ಮೆ ಪ್ರಾಣಾಪಾಯ. ತಪ್ಪು ತಿರುಗಿದರೆ, ಅಂದರೆ 40ರ ಔಷಧ 100ರ ಸಿರಿಂಜಿಗೆ ಬಂದರೆ, ಸಿಗುವುದು ಬರೀ 8. ಸಕ್ಕರೆ ಬೇಕಾದಷ್ಟು ಇಳಿಯುವುದೇ ಇಲ್ಲ. ಆಗ ಬೈಗುಳ ರೋಗಿಯ ಊಟಕ್ಕೆ ಬೀಳುತ್ತದೆ. ಈ ಎರಡನೆಯ ತಪ್ಪು ಸದ್ದು ಮಾಡದ್ದರಿಂದ ಹೆಚ್ಚು ಕ್ರೂರವೆಂದು ನನಗನ್ನಿಸುತ್ತದೆ.

ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಮಾನವ ಇನ್ಸುಲಿನ್ ಬಿಡುಗಡೆ ಮಾಡಿತು. ಅಣು ನಮ್ಮ ರಾಜ್ಯದಲ್ಲೇ ತಯಾರಾಗತೊಡಗಿತು. ಗೆರೆ ಓದುವ ಭಾರ ಮಾತ್ರ ಮನೆಯವರ ಮೇಲೆ ಉಳಿಯಿತು. ಇಂಗ್ಲಿಷ್ ಅಕ್ಷರ ಬಾರದವರಿಗೆ ಆಸರೆ ಬಣ್ಣ: 40ರ ಸಿರಿಂಜಿಗೆ ಕೆಂಪು ಟೋಪಿ, 100ರದಕ್ಕೆ ಕಿತ್ತಳೆ. ಸಂಜೆ ಮಬ್ಬಿನಲ್ಲಿ, ಕರೆಂಟ್ ಹೋದ ಮಗ್ಗದ ಮನೆಯಲ್ಲಿ, ಕೆಂಪು-ಕಿತ್ತಳೆ ಬೇರೆ ಮಾಡಲು ಸಿರಿಂಜನ್ನು ಬಾಗಿಲ ಬೆಳಕಿಗೆ ಒಯ್ಯಬೇಕಾಗುತ್ತದೆ.